ಮೂರು ಒಲೆಯ ಮನೆ

ಅಮೆರಿಕೆಯ ಬಾಸ್ಟನ್ ನಗರದ ಬಳಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ಕಳೆದ ದೀಪಾವಳಿಯಂದು ದೂರವಾಣಿಯಲ್ಲಿ ಮಾತನಾಡುತ್ತ, ತಾನೊಂದು ಹೊಸ ಯುಕ್ತಿಯನ್ನು ಕಂಡುಕೊಂಡಿರುವುದಾಗಿ ಬಹು ಉತ್ಸಾಹದಿಂದ ತಿಳಿಸಿದನು. ಆ ಸೀಮೆಯಲ್ಲಿ ಮೂರು ಅಂತಸ್ತಿನ ಮರದ ಮನೆಗಳು ಹೇರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಮೊದಲಿನಲ್ಲಿಯೂ, ಗಿರಣಿ ಕಾರ್ಖಾನೆಗಳ ಕೆಲಸಕ್ಕೆಂದು ಕಡಲು ದಾಟಿ ಬಂದವರ ವಾಸಕ್ಕಾಗಿ ಅವುಗಳನ್ನು ಕಟ್ಟಿದರು. ಅಂಥದೊಂದನ್ನು ಕೊಂಡು, ಒಂದು ಅಂತಸ್ತಿನಲ್ಲಿ ತಾನಿದ್ದು, ಉಳಿದೆರಡನ್ನು ಬಾಡಿಗೆಗೆ ಕೊಟ್ಟು, ಬಂದ ಬಾಡಿಗೆಯಿಂದಲೇ ಸಾಲದ ಕಂತನ್ನು ತೀರಿಸುತ್ತ ಹೋಗುವುದೇ ಆ ಯುಕ್ತಿ. ಅಲ್ಲಿನ ತರುಣರು ಇದಕ್ಕೆ ‘ಹೌಸ್ ಹ್ಯಾಕಿಂಗ್’ ಎಂದು ಹೆಸರಿಟ್ಟಿದ್ದಾರೆ. 1934ರಲ್ಲಿ ಸ್ಥಾಪಿತವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರಕಾರಿ ಸಂಸ್ಥೆಯು, ನಾಲ್ಕು ಬಿಡಾರಗಳವರೆಗಿನ ಮನೆಯನ್ನು ಕೊಳ್ಳುವವನು ಅವುಗಳಲ್ಲೊಂದರಲ್ಲಿ ಕನಿಷ್ಠ ಒಂದು ವರುಷವಾದರೂ ತಾನೇ ವಾಸಿಸುವುದಾದರೆ, ಅವನ ಸಾಲಕ್ಕೆ ಹೊಣೆ ನಿಲ್ಲುತ್ತದೆ. ಸಾಲ ತೀರಿಸುವುದರಲ್ಲಿ ಒಳ್ಳೆಯ ಹೆಸರಿದ್ದವನು ಬೆಲೆಯಲ್ಲಿ ನೂರಕ್ಕೆ ಮೂರೂವರೆಯಷ್ಟನ್ನು ಕೈಯಿಂದ ಹಾಕಿದರೆ ಸಾಕಂತೆ.

ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ನಮ್ಮ ಗೃಹಿಣಿಯು ನಕ್ಕು, “ಇದನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿತ್ತೆ? ನಮ್ಮಜ್ಜಿ ವಠಾರದಲ್ಲಿ ಮಾಡಿದ್ದೂ ಇದನ್ನೇ” ಎಂದಳು.

ಮಾತು ದಿಟವೇ. ಬೆಂಗಳೂರು ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ವಠಾರವನ್ನು ಕಾಣದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ವಿರಳ. ಬೀದಿಗೆ ಮುಖವಾದ ಮನೆಯಲ್ಲಿ ಯಜಮಾನನ ಸಂಸಾರ. ಹಿಂದೆ ಓಣಿಯುದ್ದಕ್ಕೂ ಎರಡೆರಡು ಕೋಣೆಗಳ ಬಿಡಾರಗಳು. ಎಲ್ಲರಿಗೂ ಒಂದೇ ಬಾವಿ ಅಥವಾ ಒಂದೇ ನಲ್ಲಿ. ಗಂಡನನ್ನು ಕಳೆದುಕೊಂಡು ಬೇರೆ ಆಧಾರವಿಲ್ಲದ ಎಷ್ಟೋ ತಾಯಂದಿರು ಹಿಂದಿನೆರಡು ಬಿಡಾರಗಳ ಬಾಡಿಗೆಯಿಂದಲೇ ಮಕ್ಕಳನ್ನು ಓದಿಸಿ ದಡ ಸೇರಿಸಿದರು. ಹೆಸರು ಹೊಸದು, ವಿದ್ಯೆ ಹಳೆಯದು. ಆದರೆ ಈ ವಿದ್ಯೆಯಲ್ಲಿ ಒಂದು ಹಳ್ಳವೂ ಉಂಟು. ನಾವು ಅದರಲ್ಲಿ ಕಾಲಿಟ್ಟು ಬಿದ್ದು ಎದ್ದವರು. ಅಂದು ಅಳಿಯನಿಗೆ ಹೇಳಿದ್ದನ್ನೇ ವಾಚಕರ ಉಪಯೋಗಕ್ಕಾಗಿ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ನಮ್ಮದು ಮೈಸೂರಿನಲ್ಲಿ ಅಧ್ಯಾಪಕ ವೃತ್ತಿ. 2012ನೆಯ ಇಸವಿಯವರೆಗೆ ನಾವೂ ಬಾಡಿಗೆಯ ಮನೆಯಲ್ಲಿಯೇ ಇದ್ದೆವು. ಆಗ ತಿಂಗಳಿಗೆ 8,000 ರೂಪಾಯಿ ಬಾಡಿಗೆ ಕೊಡುತ್ತಿದ್ದೆವು. ಮೂವತ್ತು ನಲವತ್ತರ ನಿವೇಶನದ ಮೇಲಿನ ಹಳೆಯದೊಂದು ಮನೆ ಮಾರಾಟಕ್ಕಿದೆಯೆಂದು ಸ್ನೇಹಿತರು ತಿಳಿಸಿದರು. ಕೆಳಗೆ ಮುಂಭಾಗದಲ್ಲಿ ಎರಡು ಕೋಣೆಗಳ ಮನೆ. ಮಹಡಿಯ ಮೇಲೆ ಅಂಥದೇ ಇನ್ನೊಂದು. ಹಿತ್ತಿಲ ಮೂಲೆಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಹೀಗೆ ಒಂದು ಸೂರಿನ ನೆರಳಿಗೆ ಮೂರು ಒಲೆಗಳು. ಬೆಲೆ 38 ಲಕ್ಷ. ಇಷ್ಟು ಹಣವನ್ನು ಒಟ್ಟಿಗೆ ಕಂಡವರು ನಮ್ಮ ವಂಶದಲ್ಲಿಯೇ ಇರಲಿಲ್ಲ. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದರು. ಸಾಲ ಮಾಡಿ ಕೊಂಡು ನೋಡು ಎಂದು ಅವರೇಕೆ ಸೇರಿಸಲಿಲ್ಲವೋ!

ಮೊದಲು ಪತ್ರಗಳನ್ನು ನೋಡಿಸಿದೆವು. ಮೂಲ ಕ್ರಯಪತ್ರ, ಹಿಂದಿನ ಮೂವತ್ತು ವರುಷಗಳ ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿಗಳು, ಇವೆಲ್ಲವನ್ನೂ ವಕೀಲರೊಬ್ಬರು ಓದಿದರು. ಇಂಥ ಮನೆಯಲ್ಲಿ ವಿಶೇಷವಾಗಿ ವಿಚಾರಿಸಬೇಕಾದದ್ದು ಮತ್ತೊಂದಿದೆ: ಮಹಡಿಯನ್ನೂ ಹಿತ್ತಿಲ ಕೋಣೆಯನ್ನೂ ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆಯೋ ಇಲ್ಲವೋ ಎಂಬುದು. ಬಾಡಿಗೆ ತರುವ ಭಾಗವೇ ಅಕ್ರಮವಾದರೆ ಲೆಕ್ಕವೆಲ್ಲವೂ ನೀರಿನ ಮೇಲಿನ ಬರಹವಾಗುತ್ತದೆ.

ನಮ್ಮ ದೇಶದ ಬ್ಯಾಂಕುಗಳು ಅಮೆರಿಕೆಯವರಷ್ಟು ಉದಾರಿಗಳಲ್ಲ. ನಮಗೆ ದೊರೆತ ಸಾಲ 30 ಲಕ್ಷ. ಉಳಿದ 8 ಲಕ್ಷವನ್ನೂ, ಮುದ್ರಾಂಕ ಶುಲ್ಕ ನೋಂದಣಿಗಳಿಗೆಂದು ತಗಲಿದ ಸುಮಾರು ಎರಡೂವರೆ ಲಕ್ಷವನ್ನೂ ನಾವೇ ಹೊಂದಿಸಬೇಕಾಯಿತು. ಈ ಶುಲ್ಕಗಳು ಸಾಲದ ಲೆಕ್ಕಕ್ಕೆ ಸೇರುವುದಿಲ್ಲವೆಂಬುದು ಎಷ್ಟೋ ಮಂದಿಗೆ ಕಡೆಯ ಗಳಿಗೆಯವರೆಗೂ ತಿಳಿದಿರುವುದಿಲ್ಲ. ಊರಿನಲ್ಲಿದ್ದ ಸ್ವಲ್ಪ ಜಮೀನು, ಭವಿಷ್ಯನಿಧಿಯ ಹಣ, ಗೃಹಿಣಿಯ ಹದಿನೈದು ವರುಷಗಳ ಉಳಿತಾಯ ಎಲ್ಲವೂ ಇದರಲ್ಲಿ ಕರಗಿದವು.

ನೂರಕ್ಕೆ ಹತ್ತೂವರೆಯ ಬಡ್ಡಿ, ಇಪ್ಪತ್ತು ವರುಷಗಳ ಅವಧಿ. ತಿಂಗಳ ಕಂತು 29,950 ರೂಪಾಯಿ. ಮೊದಲನೆಯ ಕಂತಿನಲ್ಲಿ 26,250 ಬಡ್ಡಿಗೇ ಹೋಗಿ, ಅಸಲಿಗೆ ಜಮೆಯಾದದ್ದು 3,700 ಮಾತ್ರ! ಅವಧಿಯ ಕೊನೆಯವರೆಗೂ ಹೀಗೆಯೇ ಕಟ್ಟಿದರೆ 30 ಲಕ್ಷಕ್ಕೆ ಪ್ರತಿಯಾಗಿ ಸುಮಾರು 72 ಲಕ್ಷ ತೆರಬೇಕಾಗುತ್ತಿತ್ತು. ಆ ಕಾಗದವನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಬೆಳಗ್ಗೆ ಗೃಹಿಣಿಯು ಒಂದು ಹೊಸ ಲೆಕ್ಕದ ಪುಸ್ತಕವನ್ನು ತೆರೆದು ಹೀಗೆ ಬರೆದಳು. ಮಹಡಿಯ ಬಾಡಿಗೆ 7,500, ಹಿತ್ತಿಲ ಬಿಡಾರದ್ದು 4,500, ಕೂಡಿ 12,000. ಅದರಲ್ಲಿ 2,500ನ್ನು ಮುಟ್ಟಕೂಡದು. ಏಕೆಂದರೆ ವರುಷಕ್ಕೆ ಒಂದು ತಿಂಗಳಾದರೂ ಮನೆ ಖಾಲಿ ಬಿದ್ದೀತು. ಸುಣ್ಣ, ನಲ್ಲಿ, ತಾರಸಿ, ಕಂದಾಯ ಎಂದು ಖರ್ಚು ಬಂದೀತು. ಹೀಗೆ ಕೈಗೆ ಹತ್ತುವುದು 9,500. ನಾವು ಬೇರೆಯವರಿಗೆ ಕೊಡುತ್ತಿದ್ದ 8,000 ಇನ್ನು ಮೇಲೆ ಉಳಿಯುವುದು. ಉಳಿದ 12,450ನ್ನು ಸಂಬಳದಿಂದ ಕೊಟ್ಟರೆ ಕಂತು ಸರಿಹೋಗುವುದು. ನಿದ್ರೆಗೆಡಿಸಿದ ಮೂವತ್ತು ಸಾವಿರವು ಹನ್ನೆರಡೂವರೆ ಸಾವಿರವಾಗಿ ಇಳಿದು ಬಂದಿತು. ಈ ಪದ್ಧತಿಯ ಸಾರವೆಲ್ಲವೂ ಆ ಒಂದು ಪುಟದಲ್ಲಿತ್ತು.

ಅದೇ ವರುಷ ಜೂನ್ ತಿಂಗಳಲ್ಲಿ, ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಕೂಡದೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು. ಇದು ನಮಗೆ ದೊಡ್ಡ ಅನುಕೂಲವಾಯಿತು. ಮೊದಲ ವರುಷದ ಕೊನೆಯಲ್ಲಿ 50,000 ರೂಪಾಯಿಗಳನ್ನು ಅಸಲಿಗೆ ಹೆಚ್ಚಾಗಿ ಕಟ್ಟಿದೆವು. ಲೆಕ್ಕ ಹಾಕಿ ನೋಡಿದರೆ, ಅವಧಿಯ ತುದಿಯಲ್ಲಿ ಹನ್ನೊಂದಕ್ಕೆ ಮೇಲ್ಪಟ್ಟು ಕಂತುಗಳು ಮಾಯವಾಗಿದ್ದವು! ಇಂದಿನ ಐವತ್ತು ಸಾವಿರವು ಹತ್ತೊಂಬತ್ತು ವರುಷಗಳ ತರುವಾಯದ ಮೂರು ಲಕ್ಷವನ್ನು ಮೀರಿದ ಹೊರೆಯನ್ನು ಇಳಿಸಿತ್ತು. ಅಂದಿನಿಂದ ನಮಗೆ ಇದೊಂದು ವ್ಯಸನವೇ ಆಗಿಹೋಯಿತು. ಸಂಬಳ ಹೆಚ್ಚಿದರೆ ಅಸಲಿಗೆ, ಬಾಡಿಗೆ ಹೆಚ್ಚಿದರೆ ಅಸಲಿಗೆ, ಉತ್ತರಪತ್ರಿಕೆಗಳ ಮೌಲ್ಯಮಾಪನದ ಭತ್ಯ ಬಂದರೆ ಅದೂ ಅಸಲಿಗೆ.

ಒಂದೇ ಆವರಣದಲ್ಲಿ ಬಾಡಿಗೆದಾರರೊಡನೆ ಬಾಳುವ ಕಷ್ಟಸುಖಗಳನ್ನೂ ಈ ವರುಷಗಳಲ್ಲಿ ಕಲಿತೆವು. ವಿದ್ಯುತ್ತಿಗೆ ಮೂರು ಪ್ರತ್ಯೇಕ ಮೀಟರುಗಳನ್ನು ಹಾಕಿಸಿದ ದಿನ ಅರ್ಧ ಜಗಳಗಳು ನಿಂತವು. ನೀರಿನ ತೊಟ್ಟಿ ಒಂದೇ ಆದುದರಿಂದ ಉಳಿದರ್ಧ ನಿಲ್ಲಲಿಲ್ಲ. ಕರಾರುಪತ್ರವನ್ನು ಹನ್ನೊಂದು ತಿಂಗಳಿಗೆ ಬರೆಯುವುದು ವಾಡಿಕೆ; ಒಂದು ವರುಷವನ್ನು ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕಾಗುವುದರಿಂದ ಈ ವಾಡಿಕೆ ಬಂದಿತು. ಪತ್ರ ಸಣ್ಣದಾದರೂ ಸರಿಯೆ, ಬಾಯಿಮಾತಿಗಿಂತ ಮೇಲು. ಬಾಡಿಗೆಯ ಆದಾಯವನ್ನು ತೆರಿಗೆಯವರಿಗೆ ಮರೆಮಾಚದೆ ತೋರಿಸಿದೆವು. ಕಟ್ಟಿದ ಕಂದಾಯವನ್ನು ಕಳೆದು, ಮಿಕ್ಕುದರಲ್ಲಿ ನೂರಕ್ಕೆ 30ರಷ್ಟನ್ನು ದುರಸ್ತಿ ಮುಂತಾದುವಕ್ಕೆಂದು ಕಾಯಿದೆಯೇ ಬಿಟ್ಟುಕೊಡುವುದರಿಂದ, ಬಚ್ಚಿಡುವ ಪಾಪಕ್ಕೆ ಕಾರಣವೂ ಇಲ್ಲ.

ಇಷ್ಟೆಲ್ಲ ಜಾಣತನದ ನಡುವೆಯೇ ನಮ್ಮ ತಪ್ಪು ನಡೆಯಿತು. 2018ರಲ್ಲಿ ಮಹಡಿಗೆ ಹೊಸ ದಂಪತಿಗಳು ಬಂದರು. ಪತಿಯು ಉಪಾಹಾರಗೃಹವೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಸೌಮ್ಯ ಸ್ವಭಾವದ ಯುವಕ. ಬಾಡಿಗೆ 10,000, ಮುಂಗಡ 80,000. ಅಷ್ಟು ಹಣ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಅಲ್ಪ ಬಡ್ಡಿಗೆ ಮಲಗಿರುವುದನ್ನು ನೋಡಿ ನಮ್ಮ ಲೆಕ್ಕದ ಬುದ್ಧಿ ಚಡಪಡಿಸಿತು. “ಇವರು ಬಿಡುವಾಗ ಮುಂದೆ ಬರುವವರ ಮುಂಗಡದಿಂದ ಕೊಟ್ಟರಾಯಿತು” ಎಂದು ನಿರ್ಧರಿಸಿ, 80,000ವನ್ನೂ ಸಾಲದ ಅಸಲಿಗೆ ಕಟ್ಟಿಬಿಟ್ಟೆವು. ಗೃಹಿಣಿ ಒಮ್ಮೆ ಬೇಡವೆಂದಳು, ನಾವು ಕೇಳಲಿಲ್ಲ. ಮುಟ್ಟಕೂಡದೆಂದು ಬರೆದಿದ್ದ ತಿಂಗಳ 2,500 ಕೂಡ ಅಷ್ಟರಲ್ಲಿ ಅದೇ ದಾರಿ ಹಿಡಿದಿತ್ತು. ಪುಸ್ತಕದಲ್ಲಿ ಸಾಲ ವೇಗವಾಗಿ ಇಳಿಯುತ್ತಿತ್ತು. ಕೈಯಲ್ಲಿ ಮಾತ್ರ ಒಂದು ಕಾಸೂ ಇರಲಿಲ್ಲ.

2020ರ ಮಾರ್ಚ್ 25ರಂದು ದೇಶವೆಲ್ಲವೂ ಬಾಗಿಲು ಮುಚ್ಚಿತು. ಉಪಾಹಾರಗೃಹ ನಿಂತುಹೋಯಿತು. ಹಿತ್ತಿಲ ಬಿಡಾರದಲ್ಲಿ ಮಗಳೊಡನೆ ವಾಸವಾಗಿದ್ದ ಒಬ್ಬ ತಾಯಿ ಶಾಲಾಮಕ್ಕಳ ಸಮವಸ್ತ್ರಗಳನ್ನು ಹೊಲಿದು ಜೀವಿಸುತ್ತಿದ್ದಳು. ಶಾಲೆಗಳು ಮುಚ್ಚಿದ ಮೇಲೆ ಸಮವಸ್ತ್ರ ಯಾರಿಗೆ ಬೇಕು? ಏಪ್ರಿಲ್ ತಿಂಗಳಲ್ಲಿ ಎರಡು ಕಡೆಯಿಂದಲೂ ಬಾಡಿಗೆ ಬರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಮಹಡಿಯ ಯುವಕನು ಬಂದು, ತಾವು ಹಾಸನದ ಕಡೆಯ ತಮ್ಮ ಹಳ್ಳಿಗೆ ಹಿಂದಿರುಗುವುದಾಗಿಯೂ, ಎರಡು ತಿಂಗಳ ಬಾಡಿಗೆಯನ್ನು ಹಿಡಿದುಕೊಂಡು ಉಳಿದ 60,000ವನ್ನು ಕೊಡಬೇಕೆಂದೂ ಕೇಳಿದನು. ನಾವು ಒಂದು ತಿಂಗಳ ಗಡುವು ಬೇಡಿದೆವು. ಅವನು ಎದುರಾಡಲಿಲ್ಲ. “ಊರಿಗೆ ಹೋದರೆ ಬಿತ್ತನೆಗೆ ಅದೇ ಹಣ, ಸಾರ್” ಎಂದು ಹೇಳಿ ಬಾಗಿಲಲ್ಲಿಯೇ ನಿಂತನು.

ತನ್ನ ಹಣವನ್ನು ತಾನೇ ನಮ್ಮ ಬಾಗಿಲಲ್ಲಿ ಯಾಚಿಸುವಂತೆ ಅವನನ್ನು ನಿಲ್ಲಿಸಿದ್ದೆವು! ಬ್ಯಾಂಕಿಗೆ ಒಮ್ಮೆ ಕಟ್ಟಿದ ಅಸಲನ್ನು ಹಿಂದಕ್ಕೆ ಕೇಳುವಂತಿಲ್ಲ. ಮುಂದೆ ಬರುವ ಬಾಡಿಗೆದಾರನಿಂದ ಕೊಡೋಣವೆಂದರೆ, ಆ ದಿನಗಳಲ್ಲಿ ಮನೆ ಕೇಳಿಕೊಂಡು ಬರುವವರೇ ಇಲ್ಲ. ಗೃಹಿಣಿ ಒಳಗೆ ಹೋಗಿ ಬಂದಳು. ಮರುದಿನ ಅವಳ ನಾಲ್ಕು ಬಳೆಗಳು ಒತ್ತೆಯಾದವು. ಯುವಕನ ಹಣ ಅವನ ಕೈ ಸೇರಿತು. “ನಾನು ಹೇಳಿರಲಿಲ್ಲವೆ?” ಎಂಬ ಮಾತು ಅವಳ ಬಾಯಿಂದ ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ. ಬಂದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಆ ಕಾಲದಲ್ಲಿ ರಿಸರ್ವ್ ಬ್ಯಾಂಕು ಸಾಲಗಾರರಿಗೆ ಒಂದು ಸೌಕರ್ಯವನ್ನು ಕಲ್ಪಿಸಿತ್ತು. 2020ರ ಮಾರ್ಚ್ 1ರಿಂದ ಮೊದಲು ಮೂರು ತಿಂಗಳು, ಅನಂತರ ಆಗಸ್ಟ್ 31ರವರೆಗೆ, ಕಂತುಗಳನ್ನು ಮುಂದಕ್ಕೆ ಹಾಕಿಕೊಳ್ಳಬಹುದಾಗಿತ್ತು. ಆದರೆ ಬಡ್ಡಿ ನಿಲ್ಲುತ್ತಿರಲಿಲ್ಲ. ನಮ್ಮ ಸಾಲ ಆಗ 14 ಲಕ್ಷಕ್ಕೆ ಇಳಿದಿತ್ತು. ನೂರಕ್ಕೆ ಎಂಟರಂತೆ ತಿಂಗಳಿಗೆ 9,000ಕ್ಕೆ ಮೇಲ್ಪಟ್ಟು ಬೆಳೆಯುತ್ತಲೇ ಇರುವುದು. ಸಂಬಳ ನಿಲ್ಲದೆ ಬರುತ್ತಿದ್ದ ನಾವು ಅದನ್ನು ಬಳಸಲಿಲ್ಲ. ಹಾಲು, ಪತ್ರಿಕೆ, ವಾಹನ ಎಲ್ಲದರಲ್ಲಿಯೂ ಕೈ ಬಿಗಿಮಾಡಿ ಪೂರ್ತಿ ಕಂತನ್ನು ಸಂಬಳದಿಂದಲೇ ಕಟ್ಟಿದೆವು. ಮಹಡಿಯು ಏಳು ತಿಂಗಳು ಖಾಲಿ ಬಿದ್ದಿತ್ತು.

ಹಿತ್ತಿಲ ತಾಯಿಯ ವಿಷಯದಲ್ಲಿ ಸ್ನೇಹಿತರೊಬ್ಬರು, “ಅವಳ ಮುಂಗಡ ಇದೆಯಲ್ಲ, ಮುರಿದುಕೊಳ್ಳುತ್ತ ಹೋಗಿ, ಮುಗಿದ ಮೇಲೆ ಬಿಡಿಸಿ” ಎಂದು ಸಲಹೆ ಕೊಟ್ಟರು. ಕಾಯಿದೆಯ ಪ್ರಕಾರ ಅದು ಅನ್ಯಾಯವಲ್ಲ. ಬೇರೆ ಬೀದಿಯ ಮನೆಯಾಗಿದ್ದರೆ ನಾವೂ ಹಾಗೆಯೇ ಮಾಡುತ್ತಿದ್ದೆವೋ ಏನೋ. ಆದರೆ ಸಂಜೆಯ ವೇಳೆ ಅವಳ ಒಲೆಯಿಂದ ಒಗ್ಗರಣೆಯ ವಾಸನೆ ಬರುವುದು ನಿಂತದ್ದು ನಮ್ಮ ಅಡಿಗೆಮನೆಗೆ ತಿಳಿಯುತ್ತಿತ್ತು. ಗೃಹಿಣಿಯು ಅವಳನ್ನು ಕರೆದು, ಶಾಲೆಗಳು ಸರಿಯಾಗಿ ತೆರೆಯುವವರೆಗೆ ಅರ್ಧ ಬಾಡಿಗೆಯೆಂದೂ, ಅದನ್ನೂ ಆದಾಗ ಕೊಡಬಹುದೆಂದೂ, ಮುಂಗಡವನ್ನು ಮುಟ್ಟುವುದಿಲ್ಲವೆಂದೂ ತಿಳಿಸಿದಳು. ಅವಳು ಹಳೆಯ ಸಮವಸ್ತ್ರದ ಬಟ್ಟೆಯಿಂದ ಮುಖಗವಸುಗಳನ್ನು ಹೊಲಿಯತೊಡಗಿದಳು. ಜುಲೈ ತಿಂಗಳಲ್ಲಿ 1,500 ರೂಪಾಯಿ ತಂದುಕೊಟ್ಟು, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂದು ಹಟ ಹಿಡಿದಳು. ಬರೆದೆವು. ಬಾಕಿಯೆಲ್ಲವೂ ತೀರಲು 2022ರವರೆಗೆ ಹಿಡಿಯಿತು. 2021ರ ಮೇ ತಿಂಗಳಲ್ಲಿ ನಾವಿಬ್ಬರೂ ಅದೇ ವ್ಯಾಧಿಯಿಂದ ಹಾಸಿಗೆ ಹಿಡಿದಾಗ, ಎರಡು ವಾರಗಳ ಕಾಲ ಎರಡು ಹೊತ್ತೂ ನಮ್ಮ ಹೊಸಲಿನ ಮೇಲೆ ಗಂಜಿಯ ಪಾತ್ರೆಯನ್ನಿಟ್ಟು ಹೋದವಳು ಅವಳೇ. ಅದನ್ನು ಬರೆಯಲು ಪುಸ್ತಕದಲ್ಲಿ ಕಲಮು ಇರಲಿಲ್ಲ.

2020ರ ಡಿಸೆಂಬರಿನಲ್ಲಿ ಮಹಡಿಗೆ ಹೊಸಬರು ಬಂದರು. ಅವರ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಇಳಿಸಿದೆವು. ಮರುವರುಷ, ಅಂದರೆ 2021ರಲ್ಲಿ, ಕೇಂದ್ರ ಸರಕಾರವು ರಾಜ್ಯಗಳಿಗೆ ಮಾದರಿಯೆಂದು ಕಳುಹಿಸಿದ ಬಾಡಿಗೆ ಕಾಯಿದೆಯಲ್ಲಿಯೂ ವಾಸದ ಮನೆಗೆ ಇದೇ ಎರಡು ತಿಂಗಳ ಮಿತಿಯನ್ನು ಕಂಡು ಸಮಾಧಾನವಾಯಿತು. ಆ ಹಣ ಈಗ ಪ್ರತ್ಯೇಕ ಖಾತೆಯಲ್ಲಿದೆ. ಅದರ ಮೇಲೆ ನಮ್ಮ ಲೆಕ್ಕದ ಬುದ್ಧಿಯ ನೆರಳೂ ಬೀಳುವುದಿಲ್ಲ. ಬಳೆಗಳು ಮರುವರುಷದ ಗೌರಿಹಬ್ಬಕ್ಕೆ ಹಿಂದಿರುಗಿದವು. ತಿಂಗಳ 2,500ರ ಬದಲು 3,500ನ್ನು ತೆಗೆದಿಡಲು ಆರಂಭಿಸಿದೆವು. ಅಸಲು ಸ್ವಲ್ಪ ನಿಧಾನವಾಗಿ ಇಳಿಯಿತು. ನಿದ್ರೆ ಮಾತ್ರ ಚೆನ್ನಾಗಿ ಬಂದಿತು.

2024ರ ಫೆಬ್ರವರಿಯಲ್ಲಿ, ಇಪ್ಪತ್ತು ವರುಷಗಳ ಸಾಲವು ಹನ್ನೆರಡನೆಯ ವರುಷದಲ್ಲಿ ತೀರಿತು. ಸಾಲ ಮುಗಿದ ಮೂವತ್ತು ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವು 2023ರ ಡಿಸೆಂಬರಿನಿಂದ ಜಾರಿಗೆ ಬಂದಿತ್ತು. ನಮ್ಮ ಪತ್ರಗಳೂ ಅದರೊಳಗಾಗಿಯೇ ಕೈ ಸೇರಿದವು. ಈಗ ಎರಡು ಬಿಡಾರಗಳಿಂದ ತಿಂಗಳಿಗೆ 20,500 ರೂಪಾಯಿ ಬರುತ್ತದೆ. ನಿವೃತ್ತಿಗೆ ಹತ್ತಿರವಾದ ನಮಗೆ ಇದು ಸಣ್ಣ ಆಧಾರವಲ್ಲ. ನಿವೇಶನದ ಬೆಲೆ ಏರಿದೆಯೆಂದು ನೆರೆಯವರು ಹೇಳುತ್ತಾರೆ. ನಾವು ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ವಾಸಿಸುವ ಮನೆಯ ಒಂದು ಮೂಲೆಯನ್ನು ಕಿತ್ತು ಮಾರಿ ಆಸ್ಪತ್ರೆಗೆ ಕಟ್ಟಲಾಗುವುದಿಲ್ಲ.

ಅಳಿಯನಿಗೆ ನಾವು ಹೇಳಿದ್ದು ಇಷ್ಟು. ಮನೆಯನ್ನು ಕೊಳ್ಳು, ಸಂತೋಷ. ಆದರೆ ಬಾಡಿಗೆ ಒಂದೂ ಬಾರದ ಆರು ತಿಂಗಳನ್ನು ಮೊದಲೇ ಕಲ್ಪಿಸಿಕೊಂಡು, ಆಗಲೂ ಕಂತು ಕಟ್ಟಲು ನಿನ್ನ ಸಂಬಳ ಸಾಲುವುದಾದರೆ ಮಾತ್ರ ಸಹಿ ಹಾಕು. ಖಾಲಿ ತಿಂಗಳಿಗೂ ದುರಸ್ತಿಗೂ ತೆಗೆದಿಟ್ಟದ್ದನ್ನು ಮುಟ್ಟಬೇಡ. ಮುಂಗಡವು ಬೇರೆಯವರು ನಿನ್ನ ಕೈಯಲ್ಲಿ ಇಟ್ಟುಹೋದ ಗಂಟು, ಅದನ್ನು ಬಿಚ್ಚಬೇಡ. ಇವೆಲ್ಲ ಸರಿಯಾದ ಮೇಲೆ, ಮಿಕ್ಕ ಪ್ರತಿಯೊಂದು ಕಾಸನ್ನೂ ಅಸಲಿಗೆ ಹಾಕು.

ಅವನು ಎಲ್ಲವನ್ನೂ ಕೇಳಿ, “ಮಾವ, ಬಾಡಿಗೆದಾರರನ್ನು ಹೇಗೆ ಆರಿಸಬೇಕು?” ಎಂದನು. ನಮಗೆ ತಕ್ಷಣ ಉತ್ತರ ತೋಚಲಿಲ್ಲ. ಗೃಹಿಣಿಯು ದೂರವಾಣಿಯನ್ನು ತೆಗೆದುಕೊಂಡು, “ಅದಿರಲಿ, ಅವರು ನಿನ್ನ ಪಕ್ಕದಲ್ಲಿ ಹತ್ತು ವರುಷ ಇರಬೇಕೆಂದು ಅವರಿಗೇ ತೋರುವಂತೆ ನೀನು ಹೇಗಿರಬೇಕು, ಅದನ್ನು ಯೋಚಿಸು” ಎಂದಳು. ಹಿತ್ತಿಲಿನಲ್ಲಿ ಹೊಲಿಗೆಯ ಯಂತ್ರ ಓಡುತ್ತಿತ್ತು. ಈ ಜೂನ್ ತಿಂಗಳಿಗೆ ಆ ತಾಯಿ ನಮ್ಮ ಮನೆಗೆ ಬಂದು ಹನ್ನೊಂದು ವರುಷಗಳು ತುಂಬುತ್ತವೆ.